ಮಂದ್ರ ಹಿಡಿದವರು

ಮದುವೆಯ ಮನೆಯಲ್ಲಿ ಓಲಗದವರಿಗೆ ತಾಂಬೂಲ ದಕ್ಷಿಣೆ ಕೊಡುವ ಕ್ರಮವನ್ನು ವಾಚಕರು ನೋಡಿಯೇ ಇರುವರು. ಮೊದಲು ನಾಗಸ್ವರದವರು, ಆಮೇಲೆ ಡೋಲಿನವರು, ತರುವಾಯ ತಾಳದವನು. ಶ್ರುತಿ ಹಿಡಿದು ಕುಳಿತಿದ್ದವನ ನೆನಪಾಗುವುದು ತಟ್ಟೆ ಒಳಕ್ಕೆ ಹೋದ ಮೇಲೆ. ಮುಹೂರ್ತಕ್ಕೆ ಮೊದಲಿನಿಂದ ಊಟದ ಎಲೆ ಬೀಳುವವರೆಗೆ ಕೆನ್ನೆಯುಬ್ಬಿಸಿ ಒಂದೇ ಸ್ವರವನ್ನು ಕಾದುಕೊಂಡು ಬಂದವನು ಅವನು. ಅವನು ಉಸಿರು ನಿಲ್ಲಿಸಿದ್ದರೆ ಮಿಕ್ಕವರ ವಿದ್ವತ್ತಿಗೆಲ್ಲ ಕಾಲೂರಲು ನೆಲವಿಲ್ಲದೆ ಹೋಗುತ್ತಿತ್ತು. ಕೊರಟಗೆರೆಯ ಕಡೆಯ ಮದುವೆಗಳಲ್ಲಿ ಈಚೆಗೆ ನಾವು ಕಂಡಂತೆ ಅವನ ಜಾಗದಲ್ಲಿ ಒಂದು ವಿದ್ಯುತ್ ಶ್ರುತಿಪೆಟ್ಟಿಗೆ ಬಂದು ಕುಳಿತಿದೆ. ಪೆಟ್ಟಿಗೆಗೆ ತಾಂಬೂಲ ಕೊಡಬೇಕಾಗಿಲ್ಲವಾದ್ದರಿಂದ ಗೃಹಸ್ಥರಿಗೆ ಆ ಮರೆವಿನ ದೋಷವೂ ತಪ್ಪಿದೆ.

ಹೀಗೆ ತಳದಲ್ಲಿದ್ದು ಮೇಲಿನವರನ್ನು ಹೊರುವ ಜನರ ವಿಷಯದಲ್ಲಿ ನಮಗೆ ಮೊದಲಿನಿಂದಲೂ ಒಂದು ಪಕ್ಷಪಾತವುಂಟು. ಈ ಲೇಖನವೂ ಅಂಥವರನ್ನು ಕುರಿತದ್ದೇ. ಆದರೆ ನಾವು ಹೇಳಹೊರಟವರು ಹೆಚ್ಚಾಗಿ ಲಂಡನ್, ಮ್ಯಾಂಚೆಸ್ಟರ್, ನ್ಯೂಯಾರ್ಕ್ ನಗರಗಳಲ್ಲಿ ಬೇಸ್ ಗಿಟಾರು ನುಡಿಸಿದವರು ಎಂದರೆ ಹಿರಿಯ ವಾಚಕರು ಹುಬ್ಬೇರಿಸಬಹುದು. ನಾವೂ ಆ ದಾರಿಗೆ ತಾವಾಗಿ ಹೋದವರಲ್ಲ. ಅಣ್ಣನ ಮಗಳು ಕೈಹಿಡಿದು ಕರೆದುಕೊಂಡು ಹೋದಳು.

ಅವಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹೋದ ವರ್ಷ ರಜೆಗೆ ಮಧುಗಿರಿಗೆ ಬಂದಾಗ ಹೆಗಲಿಗೆ ಆಳೆತ್ತರದ ಒಂದು ಕಪ್ಪು ಚೀಲ. ಕಾಲೇಜಿನ ವಾದ್ಯಮೇಳದಲ್ಲಿ ಎಲ್ಲರೂ ಹಾಡುವುದಕ್ಕೂ ಆರು ತಂತಿಯ ಗಿಟಾರಿಗೂ ಮುಗಿಬಿದ್ದರಂತೆ. ಬೇಸ್ ಯಾರಿಗೂ ಬೇಡವಾಯಿತು, ಇವಳು ಹಿಡಿದಳು. ಹಿಡಿದ ಮೇಲೆ ಬಿಡಲೊಲ್ಲಳು. ಮೇಳವು ಪುಣೆಯ ಒಂದು ಕಾಲೇಜಿನ ಉತ್ಸವಕ್ಕೆ ಹೋಗತಕ್ಕದ್ದಿತ್ತು, ಅದಕ್ಕೆ ತಂದೆಯ ಒಪ್ಪಿಗೆ ಬೇಕಾಗಿತ್ತು. ನಮ್ಮ ಅಣ್ಣನವರು ಒಪ್ಪಲಿಲ್ಲ. “ಇಷ್ಟು ದುಡ್ಡು ಹಾಕಿ ಯಾರಿಗೂ ಕೇಳಿಸದ ವಾದ್ಯ ತಂದಿದ್ದೀಯಲ್ಲಮ್ಮ. ಮುಂದೆ ನಿಂತು ಹಾಡೋ ಹುಡುಗನ ಹೆಸರು ನಾಳೆ ಪೇಪರಿನಲ್ಲಿ ಬರುತ್ತೆ. ನಿನ್ನ ಹೆಸರು ಎಲ್ಲಿ ಬರುತ್ತೆ, ಹೇಳು?” ಎಂದರು. ನಮ್ಮ ಅಣ್ಣನವರು ಮೂವತ್ತು ವರ್ಷ ಒಂದು ಕಚೇರಿಯಲ್ಲಿ ಲೆಕ್ಕ ಬರೆದವರು. ಅವರು ಬರೆದ ಕಾಗದಗಳ ಕೆಳಗೆ ಸಹಿ ಯಾವಾಗಲೂ ಬೇರೆಯವರದೇ. ಆದ್ದರಿಂದ ಆ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಹುಡುಗಿ ನಮ್ಮ ಹತ್ತಿರ ಬಂದಳು. “ಚಿಕ್ಕಪ್ಪ, ನನಗೆ ಇಷ್ಟವಾದವರ ಪಟ್ಟಿ ಕೊಡ್ತೀನಿ. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಆಮೇಲೆ ಅಪ್ಪನಿಗೆ ನೀವೇ ಹೇಳಿ,” ಎಂದಳು. ನಾವು ಸುಮಾರು ಒಂದು ತಿಂಗಳು ಕೇಳಿದೆವು.

ಮೊದಲು ವಾದ್ಯದ ವಿಚಾರ. ಹಿಂದೆ ಪಶ್ಚಿಮದವರಲ್ಲಿ ಮಂದ್ರಕ್ಕೆಂದು ಇದ್ದದ್ದು ನಿಂತು ನುಡಿಸುವ, ಮನುಷ್ಯನಿಗಿಂತ ಎತ್ತರವಾದ ಪಿಟೀಲಿನ ಜಾತಿಯ ವಾದ್ಯ. ಸಾಗಿಸುವುದು ಕಷ್ಟ, ಗದ್ದಲದಲ್ಲಿ ಕೇಳಿಸುವುದು ಇನ್ನೂ ಕಷ್ಟ. ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ರಿಪೇರಿ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್ ಎಂಬವರು ೧೯೫೧ರಲ್ಲಿ ಅದನ್ನು ಗಿಟಾರಿನಂತೆ ಕೊರಳಿಗೆ ತೂಗುಹಾಕುವ ವಿದ್ಯುತ್ ವಾದ್ಯವನ್ನಾಗಿ ಮಾಡಿ ಮಾರಿದರು. ವೀಣೆಗಿರುವಂತೆ ಮೆಟ್ಟುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳುವುದೆಂದು ಅದಕ್ಕೆ ‘ಪ್ರಿಸಿಷನ್’ ಎಂದೇ ಹೆಸರು. ತಂತಿಗಳು ನಾಲ್ಕು. ಸಾಮಾನ್ಯ ಗಿಟಾರಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು ೮೨ ಸಲ ಕಂಪಿಸಿದರೆ ಇದರದು ೪೧ ಸಲ, ಎಂದರೆ ಪೂರ್ತಿ ಒಂದು ಸ್ಥಾಯಿ ಕೆಳಗೆ. ವೀಣೆಗೂ ನುಡಿಸುವ ತಂತಿಗಳು ನಾಲ್ಕೇ: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ನಮ್ಮ ತಾಯಿಯವರು ವೀಣೆಯ ಅಭ್ಯಾಸವಿದ್ದವರು. ಹುಡುಗಿ ಹಜಾರದಲ್ಲಿ ಕುಳಿತು ದಪ್ಪ ತಂತಿಯನ್ನು ಮೀಟಿದಾಗ ಅಡಿಗೆಮನೆಯಿಂದಲೇ “ಯಾರೇ ಅದು ಅನುಮಂದ್ರ ಮುಟ್ಟಿದ್ದು?” ಎಂದು ಕೇಳಿದರು. ಮನೆಯಲ್ಲಿ ಅವಳಿಗೆ ದೊರೆತ ಮೊದಲನೆಯ ಮರ್ಯಾದೆ ಅದು.

ಅಣ್ಣನವರಿಗೆ ಆ ವಾದ್ಯ ಕೇಳಿಸದೆ ಇದ್ದದ್ದು ಅವರ ಹಟದಿಂದಲ್ಲ. ಅವರು ಕೇಳುತ್ತಿದ್ದದ್ದು ಫೋನಿನಲ್ಲಿ. ಉಗುರಿನಷ್ಟು ಅಗಲದ ಧ್ವನಿವರ್ಧಕಕ್ಕೆ ಅಷ್ಟು ನಿಧಾನವಾದ ಕಂಪನವನ್ನು ಗಾಳಿಯಲ್ಲಿ ಎಬ್ಬಿಸುವ ಶಕ್ತಿಯಿಲ್ಲ. ಮೂಲಸ್ವರದೊಡನೆ ತಾವಾಗಿಯೇ ಹುಟ್ಟುವ ಮೇಲಿನ ಸ್ವರಗಳು ಮಾತ್ರ ಹೊರಬರುವುವು. ಅವುಗಳನ್ನು ಹಿಡಿದು ಕಿವಿಯು ಕೆಳಗಿನದನ್ನು ಊಹಿಸಿಕೊಳ್ಳಬೇಕು. ಇಂದು ಎಷ್ಟೋ ಮನೆಗಳಲ್ಲಿ ಸಂಗೀತವೆಂದರೆ ಫೋನೇ ಆಗಿರುವುದರಿಂದ ನಾವೆಲ್ಲ ತಳವಿಲ್ಲದ ಪಾತ್ರೆಯಲ್ಲಿ ಹಾಲು ಕುಡಿಯುತ್ತಿದ್ದೇವೆ. ಮೆರವಣಿಗೆಗಳ ಡಿಜೆ ಗಾಡಿಗಳು ಕಿಟಕಿಯ ಗಾಜನ್ನು ನಡುಗಿಸುತ್ತವೆಯಲ್ಲ ಎಂದು ಯಾರಾದರೂ ಕೇಳಿಯಾರು. ಅದು ಹಾಲನ್ನು ಕೊಡಗಟ್ಟಲೆ ತಲೆಯ ಮೇಲೆ ಸುರಿದಂತೆ. ಅದಕ್ಕೂ ಕುಡಿಯುವುದಕ್ಕೂ ಸಂಬಂಧವಿಲ್ಲ.

ಮಂದ್ರದವನ ಅಧಿಕಾರ ಎಷ್ಟೆಂಬುದು ಸಂಗೀತಾಭ್ಯಾಸವಿದ್ದ ಗೃಹಿಣಿಯರಿಗೆ ಗ್ರಹಭೇದದ ಉದಾಹರಣೆಯಿಂದ ತಿಳಿಯುವುದು. ಮೋಹನದ ಸ್ವರಗಳನ್ನೇ ಇಟ್ಟುಕೊಂಡು ಅದರ ಗಾಂಧಾರವನ್ನು ಷಡ್ಜವೆಂದು ಭಾವಿಸಿದರೆ ಹಿಂದೋಳ ಹುಟ್ಟುತ್ತದೆ. ಮೇಲಿನ ಸ್ವರಗಳು ಬದಲಾಗಲಿಲ್ಲ, ನೆಲ ಬದಲಾಯಿತು. ಗಿಟಾರಿನವನು ಒಂದೇ ಸ್ವರಗುಚ್ಛವನ್ನು ನುಡಿಸುತ್ತಿರುವಾಗ ಬೇಸಿನವನು ಕೆಳಗಿನ ಸ್ವರವನ್ನು ಸರಿಸಿದರೆ ಹಾಡಿನ ಮುಖವೇ ಬೇರೆಯಾಗುವುದು. ಕೇಳುವವರು ಗಿಟಾರಿನವನನ್ನು ಹೊಗಳುವರು, ಅಷ್ಟೆ.

ಇನ್ನು ಆ ಪಟ್ಟಿಯವರು. ೧೯೭೬-೭೭ರಲ್ಲಿ ಲಂಡನ್ನಿನಲ್ಲಿ ಪಂಕ್ ಎಂಬ ಒರಟು ಸಂಗೀತವೆದ್ದಿತು. ಕಲಿತು ನುಡಿಸುವುದಲ್ಲ, ನುಡಿಸುತ್ತ ಕಲಿಯುವುದು ಅದರ ಪದ್ಧತಿ. ಅದರ ಬೆನ್ನಿಗೆ ಬಂದ ಸ್ವಲ್ಪ ನಯವಾದದ್ದಕ್ಕೆ ನ್ಯೂ ವೇವ್ ಎಂದೂ, ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಬೆಳೆದ ಕವಲುಗಳಿಗೆ ಆಲ್ಟರ್ನೇಟಿವ್ ರಾಕ್ ಎಂದೂ ಹೆಸರಾಯಿತು. ಹನ್ನೆರಡು ವರ್ಷ ಗುರುವಿನ ಮನೆಯಲ್ಲಿ ನೀರು ಹೊತ್ತವರ ಕಥೆ ಕೇಳಿ ಬೆಳೆದ ನಮಗೆ ಈ ಪದ್ಧತಿ ಮೊದಮೊದಲು ಸೇರಲಿಲ್ಲ. ಕೂಗಾಟ ಬಹಳ. ಕೂಗಾಟದ ಕೆಳಗೆ ಕಿವಿಯಿಟ್ಟ ಮೇಲೆ ಬೇರೊಂದು ಲೋಕ ಕಂಡಿತು.

ನಮ್ಮ ಮೊದಲ ಮಣೆ ಕ್ಲ್ಯಾಶ್ ಎಂಬ ತಂಡದ ಪಾಲ್ ಸಿಮನನ್ ಅವರಿಗೆ. ಅವರು ಚಿತ್ರಕಲೆಯ ವಿದ್ಯಾರ್ಥಿ. ಜೊತೆಗಾರ ಮಿಕ್ ಜೋನ್ಸ್ ಅವರಿಗೆ ಗಿಟಾರು ಕಲಿಸಲು ನೋಡಿ ಅದು ಸಾಗದೆ, ನಾಲ್ಕೇ ತಂತಿಯದಾದರೂ ಬರಲೆಂದು ಬೇಸ್ ಕೊಟ್ಟರು. ಸಿಮನನ್ ವಾದ್ಯದ ಕೊರಳಿನ ಮೇಲೆ ಸ್ವರಗಳ ಅಕ್ಷರಗಳನ್ನು ಬರೆದುಕೊಂಡು ಬೆರಳಿಟ್ಟವರು. ಆದರೆ ಅವರ ಕಿವಿ ಬಡವಾಗಿರಲಿಲ್ಲ. ವೆಸ್ಟ್ ಇಂಡೀಸಿನಿಂದ ಬಂದು ನೆಲೆಸಿದ ಜನರು ಹೆಚ್ಚಾಗಿದ್ದ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಅವರ ಬಾಲ್ಯದ ಒಂದು ಭಾಗ ಕಳೆದಿತ್ತು; ಜಮೈಕದ ರೆಗ್ಗೆ ಸಂಗೀತ ಅವರಿಗೆ ಬೀದಿಯಲ್ಲೇ ಸಿಕ್ಕ ಪಾಠ. ರೆಗ್ಗೆಯಲ್ಲಿ ಗಿಟಾರು ತಾಳದ ಎಡೆಯಲ್ಲಿ ಚುಟುಕಾಗಿ ಚಿಮ್ಮುವುದು, ರಾಗದ ಭಾರವನ್ನೆಲ್ಲ ಹೊರುವುದು ಬೇಸ್. ೧೯೭೯ರ ‘ಲಂಡನ್ ಕಾಲಿಂಗ್’ ಎಂಬ ಮುದ್ರಿಕೆಯಲ್ಲಿ ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ ಎಂಬ ಹಾಡನ್ನು ಅವರೇ ಕಟ್ಟಿ ಅವರೇ ಹಾಡಿದ್ದಾರೆ. ಅದರಲ್ಲಿ ಬೇಸ್ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತದೆ. ಆ ನಿಲುಗಡೆಯಲ್ಲಿ ಯಾರೋ ಬಾಗಿಲ ಹೊರಗೆ ಬಂದು ನಿಂತಂತೆ ಮನಸ್ಸಿಗೆ ಆತಂಕವಾಗುವುದು. ಪೋಲೀಸರಿಗೂ ಅಲ್ಲಿನ ಕರಿಯ ಜನರಿಗೂ ಇದ್ದ ಬಿಗುವು ಹಾಡಿನ ವಸ್ತು. ೧೯೮೧ರಲ್ಲಿ ಬ್ರಿಕ್ಸ್‌ಟನ್ನಿನಲ್ಲಿ ದೊಡ್ಡ ಗಲಭೆಯಾಯಿತು. ಹಾಡು ಅದಕ್ಕಿಂತ ಮುಂಚಿನದು.

ಆ ಮುದ್ರಿಕೆಯ ಹೊದಿಕೆಯ ಮೇಲಿರುವ ಚಿತ್ರವೂ ಸಿಮನನ್ ಅವರದೇ. ೧೯೭೯ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲ್ಲೇಡಿಯಂ ರಂಗಮಂದಿರದಲ್ಲಿ, ಜನರನ್ನು ಕುರ್ಚಿಯಿಂದ ಏಳಗೊಡದ ಸಭೆಯ ಮೇಲಿನ ಸಿಟ್ಟಿನಿಂದ, ತಮ್ಮ ಬೇಸನ್ನು ನೆಲಕ್ಕಪ್ಪಳಿಸಿ ಮುರಿಯುತ್ತಿರುವ ಭಂಗಿ. ಚಿತ್ರ ತೆಗೆದ ಪೆನ್ನಿ ಸ್ಮಿತ್ ಎಂಬಾಕೆ ಅದು ಮಸಕಾಗಿದೆ, ಬೇಡ ಎಂದರಂತೆ. ತಂಡದವರು ಅದನ್ನೇ ಆರಿಸಿದರು. ಆಯುಧಪೂಜೆಯ ದಿನ ಶ್ರುತಿಪೆಟ್ಟಿಗೆಗೂ ಕುಂಕುಮವಿಡುವ ಮನೆ ನಮ್ಮದು. ಈ ಒಂದು ವಿಷಯದಲ್ಲಿ ನಮಗೂ ಸಿಮನನ್ ಅವರಿಗೂ ರಾಜಿಯಿಲ್ಲ. ನಮ್ಮ ತಾಯಿಯವರಿಗೆ ಆ ಚಿತ್ರವನ್ನು ತೋರಿಸಲೇ ಇಲ್ಲ.

ಸಿಮನನ್ ಅವರನ್ನು ಕೇಳುವಾಗ ನಮಗೆ ಪದೇಪದೇ ನೆನಪಾದದ್ದು ಉರುಮೆ. ನಮ್ಮ ಸೀಮೆಯ ಮಾರಮ್ಮನ ಜಾತ್ರೆಗಳಿಗೆ ಹೋದವರು ಅದನ್ನು ಬಲ್ಲರು: ನಡು ಸಣ್ಣದಾದ ಎರಡು ಮುಖದ ಚರ್ಮವಾದ್ಯ. ಒಂದು ಮುಖವನ್ನು ಬಡಿಯುವರು, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುವರು. ಉಜ್ಜಿದಾಗ ಹೊರಡುವುದು ಪೆಟ್ಟಿನ ಸದ್ದಲ್ಲ, ಒಂದು ಹುಂಕಾರ. ಕೆಳಗಿನಿಂದೆದ್ದು ಜಾರುವ ದನಿ. ಪಾವಗಡದಲ್ಲಿ ಮೂರು ಕಡೆಯೂ ಆಂಧ್ರದ ಗಡಿಯಾದ್ದರಿಂದ ಮನೆಮಾತು ಎಷ್ಟೋ ಜನರಿಗೆ ತೆಲುಗು. ಆ ಭಾಷೆಯಲ್ಲಿ ಉರುಮು ಎಂದರೆ ಗುಡುಗು. ಪಕ್ಕದ ಅನಂತಪುರದ ಕಡೆ ಇದೇ ವಾದ್ಯ ಹಿಡಿದು ಕುಣಿಯುವ ಕುಣಿತಕ್ಕೂ ಉರುಮುಲು ಎಂದೇ ಹೆಸರು. ತಮಟೆ ಎಷ್ಟು ಮಿಂಚಿದರೂ ದೇವರು ಬಂದವರ ಮೈಯಲ್ಲಿ ನಡುಕ ಹುಟ್ಟುವುದು ಉರುಮೆ ಎದ್ದಾಗ. ಬೇಸ್ ಎಂದರೆ ಏನೆಂದು ಪಾವಗಡದ ಮುದುಕಿಯೊಬ್ಬಳಿಗೆ ಹೇಳಬೇಕಾದರೆ ನಮಗೆ ಬೇರೆ ಮಾತು ಬೇಡ.

ಎರಡನೆಯವರು ಪೀಟರ್ ಹುಕ್. ೧೯೭೬ರ ಜೂನ್ ೪ರಂದು ಮ್ಯಾಂಚೆಸ್ಟರಿನ ಒಂದು ಸಣ್ಣ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಕಚೇರಿ ನಡೆಯಿತು. ಸಭಿಕರು ಬಹಳ ಕಡಮೆ. ಆದರೆ ಬಂದವರಲ್ಲಿ ಹಲವರು ತಾವೂ ನುಡಿಸಬಹುದೆಂದು ನಿಶ್ಚಯಿಸಿಕೊಂಡು ಎದ್ದರು. ಹುಕ್ ಮರುದಿನವೇ ಹೋಗಿ ಬೇಸ್ ಕೊಂಡರು. ಅವರು ಸೇರಿದ ತಂಡ ಮುಂದೆ ಜಾಯ್ ಡಿವಿಷನ್ ಎಂದಾಯಿತು. ಪಕ್ಕದ ಗಿಟಾರಿನ ಅಬ್ಬರದಲ್ಲಿ ತಮ್ಮ ಕೆಳಗಿನ ತಂತಿಗಳು ತಮಗೇ ಕೇಳಿಸದೆ ಅವರು ಮೇಲಿನ ತಂತಿಗಳಿಗೆ ಏರಿದರು. ಗಾಯಕ ಇಯಾನ್ ಕರ್ಟಿಸ್ ಅವರಿಗೆ ಅದು ಹಿಡಿಸಿತು, ಹಾಗೆಯೇ ನುಡಿಸು ಎಂದರು. ಬಡತನದ ಸಲಕರಣೆಯಿಂದ ಒಂದು ಶೈಲಿ ಹುಟ್ಟಿತು. ಹುಕ್ ಅವರ ಬೇಸ್ ನೆಲವಾಗಿ ಉಳಿಯದೆ ರಾಗವನ್ನೇ ಹಾಡುತ್ತದೆ. ಕೆಳದನಿಯ ಮನುಷ್ಯ ಗಂಟಲೆತ್ತಿ ಹಾಡಿದಾಗಿನ ಒಂದು ಒರಟು ಕರುಣ ಅದರಲ್ಲಿದೆ. ಕರ್ಟಿಸ್ ೧೯೮೦ರ ಮೇ ೧೮ರಂದು, ೨೩ನೆಯ ವಯಸ್ಸಿನಲ್ಲಿ, ತಾವೇ ಪ್ರಾಣ ಕಳೆದುಕೊಂಡರು. ತಂಡದ ಹೆಸರಾಂತ ಹಾಡು ಹೊರಬಂದದ್ದು ಮರುತಿಂಗಳು. ಉಳಿದವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿನಿಂದ ಮುಂದುವರಿದರು. ಹಾಡುವವನು ಹೋದ ಮೇಲೂ ಹಾಡು ಇಂಥವರದೆಂದು ಕೇಳಿದ ಕ್ಷಣಕ್ಕೆ ಗುರುತಾಗುತ್ತಿದ್ದದ್ದು ಬೇಸಿನಿಂದ. ಇದನ್ನು ನಾವು ಅಣ್ಣನವರಿಗೆ ಹೇಳಿದೆವು. ಅವರು ಮಾತಾಡಲಿಲ್ಲ; ಇನ್ನೊಂದು ಸಲ ಹಾಕು ಎಂದರು.

ಹುಡುಗಿಗೆ ಪ್ರಿಯರಾದವರು ಟೀನಾ ವೇಮತ್. ಟಾಕಿಂಗ್ ಹೆಡ್ಸ್ ತಂಡದ ಡೇವಿಡ್ ಬರ್ನ್, ಕ್ರಿಸ್ ಫ್ರಾಂಟ್ಸ್ ಇವರೊಡನೆ ಚಿತ್ರಕಲಾಶಾಲೆಯಲ್ಲಿ ಓದಿದಾಕೆ. ೧೯೭೫ರಲ್ಲಿ ನ್ಯೂಯಾರ್ಕಿನಲ್ಲಿ ತಂಡ ಕಟ್ಟಿದಾಗ ಬೇಸಿನವರು ದೊರೆಯದೆ ಈಕೆ ಕಲಿತು ನಿಂತರು. ಫ್ರಾಂಟ್ಸ್ ಡ್ರಮ್ಮು ಬಾರಿಸುವವರು; ೧೯೭೭ರಲ್ಲಿ ಇಬ್ಬರಿಗೂ ವಿವಾಹವಾಯಿತು. ಲಯ ಹಿಡಿಯುವವರಿಬ್ಬರು ಒಂದೇ ಮನೆಯವರಾದರೆ ಅದೊಂದು ಅನುಕೂಲವೆಂದು ಸಂಸಾರಸ್ಥರು ಒಪ್ಪುವರು. ೧೯೮೦ರ ‘ಒನ್ಸ್ ಇನ್ ಎ ಲೈಫ್‌ಟೈಮ್’ ಎಂಬ ಹಾಡಿನಲ್ಲಿ ಆಕೆಯ ಬೇಸ್ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ನಡೆ. ಹಾಡುವಾತನು ಮನೆಯಾವುದು ಮಡದಿಯಾರು ಎಂದು ತಬ್ಬಿಬ್ಬಾಗುವ ಹಾಡು ಅದು. ಮೇಲೆ ಅಷ್ಟು ಗಲಿಬಿಲಿಯಾಗುತ್ತಿದ್ದರೂ ಕೆಳಗೆ ಒಬ್ಬಾಕೆ ಅವಸರವಿಲ್ಲದೆ ರಾಗಿ ಬೀಸುತ್ತಿರುವಂತಿದೆ. ಹೊಸ ಹೊಸ ಸ್ವರಗಳನ್ನು ಹುಡುಕುವುದಕ್ಕಿಂತ ಸಿಕ್ಕ ನಾಲ್ಕನ್ನು ಬಿಡದೆ ಹಿಡಿಯುವುದು ಕಷ್ಟ. ಸ್ವಲ್ಪ ಬೇಸರವಾದರೂ ಕೈ ಅಲಂಕಾರಕ್ಕೆ ಹೋಗುವುದು.

ಪಿಕ್ಸೀಸ್ ತಂಡದ ಕಿಮ್ ಡೀಲ್ ಅವರ ಕಥೆ ಇನ್ನೂ ಸೊಗಸು. ೧೯೮೬ರಲ್ಲಿ ಬಾಸ್ಟನ್ನಿನಲ್ಲಿ ಬೇಸಿನವರು ಬೇಕೆಂಬ ಜಾಹೀರಾತಿಗೆ ಬಂದವರು ಇವರೊಬ್ಬರೇ, ಅದೂ ಬೇಸ್ ಅಭ್ಯಾಸವಿಲ್ಲದೆ. ಮೊದಲ ಎರಡು ಮುದ್ರಿಕೆಗಳ ಮೇಲೆ ತಮ್ಮ ಹೆಸರನ್ನು ಅಂದಿನ ಪತಿಯ ಹೆಸರಿನಿಂದ ‘ಶ್ರೀಮತಿ ಜಾನ್ ಮರ್ಫಿ’ ಎಂದು ಹಾಕಿಸಿದರು. ಗಂಡನ ಹೆಸರಿನಲ್ಲಿ ಮರೆಯಾಗುವ ಗೃಹಿಣಿಯರ ಪದ್ಧತಿಯನ್ನು ಕುರಿತ ತಮಾಷೆ. ನಮ್ಮ ಮನೆಯ ಹೆಂಗಸರು ಇದನ್ನು ಕೇಳಿ ನಕ್ಕಷ್ಟು ಗಂಡಸರು ನಗಲಿಲ್ಲ.

ಉಳಿದವರನ್ನು ಬೇಗ ಮುಗಿಸುವೆವು. ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡದ ಜಾ ವಾಬಲ್ (ಹುಟ್ಟುಹೆಸರು ಜಾನ್ ವಾರ್ಡಲ್) ೧೯೭೯ರಲ್ಲಿ ನುಡಿಸಿದ ಮುದ್ರಿಕೆಯೊಂದನ್ನು ಲೋಹದ ಡಬ್ಬಿಯಲ್ಲಿ ಮೂರು ತಟ್ಟೆಗಳಾಗಿ ಹಂಚಿ ಮಾರಿದರು. ಆಳವಾದ ಮಂದ್ರಕ್ಕೆ ತಟ್ಟೆಯ ಮೇಲೆ ಅಗಲವಾದ ಗೀರು ಬೇಕು, ಒಂದೇ ತಟ್ಟೆಯಲ್ಲಿ ಅದು ಹಿಡಿಯದು. ಪೊಲೀಸ್ ಎಂಬ ತಂಡದ ಸ್ಟಿಂಗ್ ಮೊದಲು ಶಾಲೆಯ ಉಪಾಧ್ಯಾಯರಾಗಿದ್ದವರು. ೧೯೮೦ರಲ್ಲಿ ಆ ತಂಡ ಮುಂಬಯಿಗೂ ಬಂದು ನುಡಿಸಿತು. ಅವರ ಕೈ ಒಳ್ಳೆಯದು. ಆದರೆ ಅವರು ಬೇಸನ್ನೂ ಹಿಡಿದು ಮುಂದೆ ನಿಂತು ಹಾಡುವವರು. ತಾಂಬೂಲ ಮೊದಲೇ ದೊರೆತವರನ್ನು ನಮ್ಮ ಪಂಕ್ತಿಯಲ್ಲಿ ಕೂರಿಸುವುದು ಹೇಗೆ?

ಕನ್ನಡದಲ್ಲಿ ಇಂಥವರಿಲ್ಲವೆ ಎಂದರೆ ಇದ್ದಾರೆ; ಪಂಕ್ ಅಲ್ಲ, ಜನಪದವನ್ನು ರಾಕಿನೊಡನೆ ಬೆರೆಸಿದವರು. ರಘು ದೀಕ್ಷಿತರ ತಂಡ ೨೦೦೮ರಲ್ಲಿ ಹೊರತಂದ ಮೊದಲ ಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಪದವಿದೆ. ಆ ತಂಡದಲ್ಲಿ ಹಲವು ವರ್ಷ ಬೇಸ್ ಹಿಡಿದವರು ಗೌರವ್ ವಾಜ್. ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಮುದ್ರಿಕೆ ೨೦೦೯ರದು. ಬೇಸ್ ಜಿಷ್ಣು ದಾಸ್‌ಗುಪ್ತ ಅವರದು. ತತ್ವಪದವನ್ನು ಏಕತಾರಿಯ ಒಂದೇ ತಂತಿಯ ಮೇಲೆ ಕೇಳಿ ಬೆಳೆದವರಿಗೆ ಅದರ ಕೆಳಗೆ ನಾಲ್ಕು ತಂತಿ ಬೇಕೇ ಎಂಬ ಸಂದೇಹ ಬರುವುದು ಸಹಜ. ನಮಗೂ ಎಲ್ಲ ಹಾಡುಗಳಲ್ಲೂ ಬೇಕೆನಿಸಿಲ್ಲ. ಶರೀಫರ ಪದದಲ್ಲಿ ಮಾತ್ರ, ಪಲ್ಲವಿ ಮರಳಿ ಬರುವಲ್ಲಿ ಬೇಸ್ ಕೆಳಗಿನಿಂದ ಎತ್ತಿಕೊಡುವಾಗ, ಭಜನೆಯ ಮನೆಯಲ್ಲಿ ಹತ್ತು ಜನ ಒಟ್ಟಿಗೆ ದನಿಗೂಡಿಸಿದ ಹಾಗಾಗುತ್ತದೆ.

ಪುಣೆಯ ವಿಷಯ ಇನ್ನೂ ತೀರ್ಮಾನವಾಗದೆ ಇದ್ದಾಗ ನಾವು ಹುಡುಗಿಯನ್ನೂ ಅಣ್ಣನವರನ್ನೂ ಶಿರಾದ ಕಡೆಯ ಒಂದು ಗೊಲ್ಲರಹಟ್ಟಿಗೆ ಕರೆದುಕೊಂಡು ಹೋದೆವು. ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಾವ್ಯವನ್ನು ಗಣೆಯೊಡನೆ ಹಾಡುವರು. ಆ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆಯೇ ಇದೆ. ಗಣೆಯೆಂಬುದು ಉದ್ದನೆಯ ಬಿದಿರಿನ ಕೊಳಲು. ಕೊಳವೆ ಉದ್ದವಾದಷ್ಟೂ ದನಿ ಕೆಳಗಿಳಿಯುವುದು. ಕೃಷ್ಣನ ಕೊಳಲಿನ ಮಾಧುರ್ಯ ಅದಕ್ಕಿಲ್ಲ, ಉಸಿರೇ ಅರ್ಧ ಬೆರೆತ ಗಂಭೀರವಾದ ನಾದ. ಹಾಡಿನ ನಡುನಡುವೆ ಅದು ಬಂದಾಗ ದನಗಳು ದೂರದಲ್ಲಿ ತಿರುಗಿ ನೋಡುವುವೇನೋ ಎನಿಸುವುದು. ನುಡಿಸುವವರು ಈಗ ವಿರಳ. ನಾವು ಕಂಡ ಹಿರಿಯರ ಹತ್ತಿರ ಕಲಿಯುತ್ತಿದ್ದವನು ಒಬ್ಬನೇ ಹುಡುಗ, ಅವನೂ ಟ್ರಾಕ್ಟರು ಓಡಿಸುವುದಕ್ಕೆ ಹೋಗಿದ್ದ.

ನುಡಿಸಾಣಿಕೆ ಮುಗಿದ ಮೇಲೆ ಹಿರಿಯರು “ನೀನೇನು ನುಡಿಸ್ತೀಯಮ್ಮ?” ಎಂದು ಕೇಳಿದರು. ಅವಳು ಫೋನಿನಲ್ಲಿ ತನ್ನ ಮೇಳದ್ದೊಂದು ಹಾಕಿದಳು. ಡ್ರಮ್ಮು ಕೇಳಿಸಿತು, ಹಾಡು ಕೇಳಿಸಿತು. ಇವಳದು ಕೇಳಿಸಲಿಲ್ಲ. ಆಗ ಮನೆಯಾಕೆ ಒಳಗಿನಿಂದ ಒಂದು ಖಾಲಿ ಹಿತ್ತಾಳೆ ಕೊಡ ತಂದು ಫೋನನ್ನು ಅದರೊಳಗಿಟ್ಟರು. ಸದ್ದು ಸ್ವಲ್ಪ ತುಂಬಿಕೊಂಡಿತು. ಹಿರಿಯರು ಕೊಡದ ಬಾಯಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, “ಅಡೀಲಿ ಒಂದು ನಡೀತಾ ಐತಲ್ಲ, ಅದು ನಿಂದಾ?” ಎಂದರು. ಅವಳು ಹೌದೆಂದು ತಲೆಯಾಡಿಸಿದಳು. ಅಣ್ಣನವರು ಅಷ್ಟು ಹೊತ್ತೂ ಜಗಲಿಯ ಕಂಬಕ್ಕೊರಗಿ ನಿಂತಿದ್ದವರು ಬಂದು ತಾವೂ ಬಾಗಿ ಕೇಳಿದರು.

ಮುಂದಿನ ವಾರ ಅವಳು ಪುಣೆಗೆ ಹೊರಟಳು. ಸೋಮವಾರದ ಪರೀಕ್ಷೆಗೆ ಹಿಂತಿರುಗಿರಬೇಕೆಂಬುದು ಕರಾರು. ಅಣ್ಣನವರೇ ಮಧುಗಿರಿಯ ನಿಲ್ದಾಣಕ್ಕೆ ಬಂದ ಕಪ್ಪು ಚೀಲವನ್ನು ಬಸ್ಸಿಗೆ ಹತ್ತಿಸಿದರು. ಇಷ್ಟುದ್ದದ್ದಕ್ಕೆ ಲಗೇಜು ಟಿಕೆಟ್ಟು ಆಗಬೇಕೆಂದು ಕಂಡಕ್ಟರು ಹೇಳಲು, ಒಳಗೇನಿದೆ ಗೊತ್ತೇನಪ್ಪ ಎಂದು ಅಣ್ಣನವರು ವಿವರಿಸಲಾರಂಭಿಸಿದರು. ಬಸ್ಸು ಐದು ನಿಮಿಷ ತಡವಾಗಿ ಹೊರಟಿತು. ಟಿಕೆಟ್ಟಿನ ಹಣವನ್ನು ಅವರೇ ಕೊಟ್ಟರು.